ಒಲೆ ಹಚ್ಚಬೇಡಿ

ನನ್ನ ತಂಗಿ ವಿಶಾಲಳ ಬಗ್ಗೆ ಬರೆಯುವ ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಂಜನಗೂಡಿನಲ್ಲಿ ಸ್ವಂತ ಮನೆಯಿದೆ, ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಅವಳು ಏಳನೇ ಕ್ಲಾಸು ಓದಿ, ಹೆಮ್ಮಿಗೆಗೆ ಮದುವೆಯಾಗಿ ಹೋಗಿ, ಒಂದೂವರೆ ಎಕರೆ ಗದ್ದೆ, ಮೂರು ಹಸುಗಳ ಜೊತೆ ಬದುಕುತ್ತಿರುವವಳು. ನ್ಯಾಯವಾಗಿ ನೋಡಿದರೆ ಹೊಟ್ಟೆ ಉರಿಯಬೇಕಾದ್ದು ಅವಳಿಗೆ. ಅವಳಿಗೆ ಉರಿಯುವುದಿಲ್ಲ. ಅದು ನನಗೆ ಇನ್ನೂ ಉರಿ.

ತಗಡೂರಿನಲ್ಲಿ ನಾವು ಚಿಕ್ಕವರಿದ್ದಾಗಲೂ ಹೀಗೇ. ನಾನು ಮನೆಯೊಳಗೆ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದರೆ ಅವಳು ಬೀದಿಯ ಯಾವುದೋ ಜಗಲಿಯಲ್ಲಿ ಯಾರದೋ ಅವರೆಕಾಯಿ ಬಿಡಿಸಿಕೊಡುತ್ತಿದ್ದಳು. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದ ದಿನ ಸಕ್ಕರೆ ಹಂಚಲು ಹೋದರೆ ಪ್ರತಿ ಮನೆಯಲ್ಲೂ ಕೇಳಿದ್ದು, "ವಿಶಾಲ ಬರ್ಲಿಲ್ವಾ?" ಅಂತ. ನನ್ನ ನಂಜನಗೂಡಿನ ಮನೆಯ ಗೃಹಪ್ರವೇಶಕ್ಕೆ ಬಂದ ನೆಂಟರೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅದನ್ನೇ ಕೇಳಿದರು. ಮನೆ ಕಟ್ಟಿಸಿದವಳು ಹೊಸ್ತಿಲಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದೆ. ಹಿಂದೆ ಅಡುಗೆಮನೆಯಲ್ಲಿದ್ದಾಳೆ ಹೋಗಿ ಎಂದೆ.

ಎರಡು ವರ್ಷದ ಹಿಂದೆ ನನ್ನ ಮಗಳ ಮದುವೆ ಮಾಡಿದೆ. ಸಾವಿರದಿನ್ನೂರು ಕಾರ್ಡು ಹಂಚಿದೆವು. ದೊಡ್ಡ ಕಲ್ಯಾಣ ಮಂಟಪ, ತಲೆಯ ಮೇಲೆ ಹಾರಾಡುವ ಕ್ಯಾಮೆರಾ, ಎರಡು ಬಗೆ ಹೋಳಿಗೆ, ಮೂರು ಬಗೆ ಐಸ್‌ಕ್ರೀಮು. ಬಂದವರು ಸಾಲಿನಲ್ಲಿ ನಿಂತು ಕವರ್ ಕೊಟ್ಟರು, ಫೋಟೊ ಹೊಡೆಸಿಕೊಂಡರು, ಉಂಡು ಹೊರಟರು. ಸಂಜೆಗೆ ಅನ್ನ ಕೊಪ್ಪರಿಗೆಗಟ್ಟಲೆ ಉಳಿದಿತ್ತು. ವಾರ ಕಳೆದ ಮೇಲೆ ನಮ್ಮ ದೊಡ್ಡಪ್ಪನ ಮಗ ಶಿವಸ್ವಾಮಿ ಸಿಕ್ಕಿದ. ಮದುವೆ ಹೇಗಿತ್ತೋ ಎಂದು ನಾಚಿಕೆ ಬಿಟ್ಟು ಕೇಳಿದೆ.

"ಪಾರ್ಕಿಂಗು ಬಾಳ ಚೆನ್ನಾಗಿತ್ತು ಕಣಕ್ಕ" ಎಂದ. ಸ್ವಲ್ಪ ಯೋಚಿಸಿ, "ಮದ್ವೆ ಮುಂಚಿನ ದಿನ ಮನೇಲಿ ವಿಶಾಲ ಒಂದು ಉಣಿಸೆ ಗೊಜ್ಜು ಬಡಿಸಿದ್ಲಲ್ಲ, ಅದು ಇನ್ನೂ ಬಾಯಲ್ಲೇ ಐತೆ" ಎಂದ.

ಇಂಥ ಹಿನ್ನೆಲೆ ಇರುವಾಗ ವಿಶಾಲಳ ಮಗಳು ತೇಜಸ್ವಿನಿಯ ಮದುವೆ ಗೊತ್ತಾಯಿತು. ಹುಡುಗ ಮಧುಕುಮಾರ್, ನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎಲ್ಲಿ ಮಾಡ್ತೀಯ ಮದುವೆ ಎಂದು ಫೋನಿನಲ್ಲಿ ಕೇಳಿದೆ.

"ಮನೆ ಮುಂದೇನೆ ಕಣಕ್ಕ, ಚಪ್ಪರ ಆಕ್ತೀವಿ" ಎಂದಳು. "ಸಾಲ ಗೀಲ ಬ್ಯಾಡ ಅಂದವ್ರೆ ಇವರು. ಇರೋದ್ರಲ್ಲೇ ಮಾಡ್ತೀವಿ. ಇನ್ನೂರೈವತ್ತು ಎಲೆ ಅಷ್ಟೇ. ಒಂದೆಲೆ ಎಚ್ಚಾದ್ರೂ ನಂಗೆ ತಡೆಯಾಕಿಲ್ಲ."

ಅಯ್ಯೋ ಪಾಪ ಎಂದೆ. ಫೋನಿಟ್ಟ ಮೇಲೆ ಮನಸ್ಸು ಎಷ್ಟು ಹಗುರವಾಯಿತೆಂದರೆ ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ. ಈ ಒಂದು ವಿಷಯದಲ್ಲಾದರೂ ನನ್ನದೇ ಮೇಲಾಗುತ್ತದೆ ಎನ್ನಿಸಿತ್ತು.

ಅವಳ ಲೆಕ್ಕಾಚಾರ ಹೀಗಿತ್ತು. ಗಂಡಿನ ಕಡೆಯವರು ನೂರು, ನೆಂಟರು ಎಂಬತ್ತು ತೊಂಬತ್ತು. ಉಳಿದದ್ದು ಅವಳ ಬೀದಿಯ ನಲವತ್ತಾರು ಮನೆ, ಮನೆಗೊಬ್ಬರಂತೆ. ಮಿಕ್ಕ ಹತ್ತು ಹದಿನೈದು ಎಲೆ ಹೇಳದೆ ಬಂದವರಿಗೆ. ಎಲೆ ಅವಳ ತೋಟದ್ದೇ. ಚಪ್ಪರಕ್ಕೆ ಗರಿ ಪಕ್ಕದ ಜಮೀನಿನವರು ಬಿಟ್ಟುಕೊಟ್ಟಿದ್ದರು. ಅಡುಗೆಗೆ ಮಾದೇಶ್ ಎಂಬ ಒಬ್ಬನೇ ಭಟ್ಟ.

ಹೆಮ್ಮಿಗೆಯ ಆ ಬೀದಿಯಲ್ಲಿ ಮದುವೆಗೆ ಕರೆಯುವುದರಲ್ಲಿ ಎರಡು ಬಗೆಯಿದೆ. ನಮ್ಮ ತಗಡೂರಿನಲ್ಲೂ ಹಿಂದೆ ಇತ್ತು. ಕುಂಕುಮವಿಟ್ಟು, "ಮನೆಗೊಬ್ಬರು ಬನ್ನಿ" ಎಂದರೆ ಒಬ್ಬರೇ ಬರುತ್ತಾರೆ. ಮಿಕ್ಕವರು ತಪ್ಪು ತಿಳಿಯುವುದಿಲ್ಲ. "ಒಲೆ ಹಚ್ಚಬೇಡಿ" ಎಂದರೆ ಆ ದಿನ ಆ ಮನೆಯಲ್ಲಿ ಅಡುಗೆಯಿಲ್ಲ, ತೊಟ್ಟಿಲ ಕೂಸಿನಿಂದ ಮುದುಕರವರೆಗೆ ಮನೆಮಂದಿಯೆಲ್ಲ ಬಂದು ಉಣ್ಣಬೇಕು. ಚಿಕ್ಕವಳಿದ್ದಾಗ ಅಂಥ ಕರೆ ಬಂದರೆ ನನಗೆ ಹಬ್ಬ. ಶಾಲೆಯಿಂದ ನೇರವಾಗಿ ಮದುವೆ ಮನೆಗೆ ಹೋಗಿ ಪಂಕ್ತಿಯಲ್ಲಿ ಕೂರುತ್ತಿದ್ದೆ. ಹತ್ತನೇ ಕ್ಲಾಸು ಮುಗಿಸಿ ಹಾಸ್ಟೆಲಿಗೆ ಹೋದ ಮೇಲೆ ಅದೆಲ್ಲ ತಪ್ಪಿಹೋಯಿತು.

ಕರೆಯುವವರು ಹೆಣ್ಣಿನ ತಾಯಿಯ ತವರಿನವರೇ ಆಗಬೇಕು. ನಮ್ಮ ಅವ್ವ ತೀರಿಹೋಗಿದ್ದರಿಂದ ವಿಶಾಲಳಿಗೆ ತವರೆಂದರೆ ನಾನೇ. ಮದುವೆಗೆ ನಾಲ್ಕು ದಿನ ಮುಂಚೆ ಬೆಳಿಗ್ಗೆ ಬಸ್ಸು ಹಿಡಿದು ನರಸೀಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೆಮ್ಮಿಗೆಗೆ ಹೋದೆ. ಅವಳು ಅರಿಶಿನ ಕುಂಕುಮದ ತಟ್ಟೆ ಕೈಗೆ ಕೊಟ್ಟು ಕೆಳಗಿನ ಕಡೆಯ ಮೊದಲ ಎರಡು ಮನೆಗೆ ಜೊತೆಯಲ್ಲೇ ಬಂದಳು. ಅಷ್ಟರಲ್ಲಿ ಮಾದೇಶ್ ಸಾಮಾನಿನ ಪಟ್ಟಿ ಹಿಡಿದು ಬಂದನೆಂದು ಅವಳ ಗಂಡ ಪುಟ್ಟರಾಜು ಕೂಗಿದ.

"ನೀನೇ ಓಗ್ಬುಟ್ಟು ಬಾಕ್ಕ" ಎಂದಳು. "ಮನೆಗೊಬ್ರು ಅನ್ನೋದ ಮರೀಬೇಡ."

ಆ ಎರಡೂ ಸೇರಿ ಆರು ಮನೆಗೆ ಹಾಗೇ ಹೇಳಿದೆ. ಪ್ರತಿ ಮನೆಯಲ್ಲೂ ವಿಶಾಲಳ ಗುಣಗಾನ. ಒಬ್ಬಳ ಬಾಣಂತನಕ್ಕೆ ಇವಳು ಹತ್ತು ದಿನ ನೀರು ಕಾಯಿಸಿದ್ದಳಂತೆ. ಇನ್ನೊಬ್ಬಳ ಹಸು ಕಟ್ಟಿ ಹಾಲು ಕರೆದುಕೊಟ್ಟಿದ್ದಳಂತೆ. ನಾನು ನಗುತ್ತಾ ಕೇಳಿದೆ. ನಕ್ಕು ನಕ್ಕು ದವಡೆ ನೋವು ಬಂತು. ಏಳನೆಯದು ಚಾಮುಂಡಮ್ಮನ ಮನೆ. ಎಂಬತ್ತರ ಮುದುಕಿ, ಬೀದಿಗೆಲ್ಲ ಹಿರಿಯಳು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ವಿಶಾಲನ ಅಕ್ಕನಾ ನೀನು?"

ಹೌದು ಎಂದೆ.

"ಅವಳಂಗಿಲ್ವಲ್ಲವ್ವ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಕಂಡದ್ದು ಹೇಳಿದಳು. ನನ್ನೊಳಗೆ ಐವತ್ತು ವರ್ಷದಿಂದ ಅದುಮಿ ಇಟ್ಟಿದ್ದು ಅವತ್ತು ಆ ಮಾತಿಗೆ ಎದ್ದು ಕೂತಿತು. ಕುಂಕುಮದ ತಟ್ಟೆ ಮುಂದೆ ಚಾಚಿ ಹೇಳಿದೆ:

"ಮನೆಮಂದಿಯೆಲ್ಲ ಬರಬೇಕು ಅಜ್ಜಿ. ಅವತ್ತು ಒಲೆ ಹಚ್ಚಬೇಡಿ."

ಮುದುಕಿ ಕುಂಕುಮ ಇಟ್ಟುಕೊಳ್ಳುತ್ತಿದ್ದ ಕೈ ಹಾಗೇ ನಿಲ್ಲಿಸಿದಳು. "ವಿಶಾಲನೇ ಅಂಗಂದ್ಲಾ?"

"ಅವಳೇ."

ಅಲ್ಲಿಂದ ಮುಂದೆ ಒಂದು ಮನೆಯನ್ನೂ ಬಿಡಲಿಲ್ಲ. ಮೂವತ್ತೊಂಬತ್ತು ಮನೆಗೂ ಒಲೆ ಹಚ್ಚಬೇಡಿ ಎಂದೆ. ಮನೆಗೆ ನಾಲ್ಕು ಜನ ಎಂದರೂ ನೂರಿಪ್ಪತ್ತು ಎಲೆ ಹೆಚ್ಚಿಗೆ ಆಗುತ್ತದೆಂದು ನಡೆಯುತ್ತಲೇ ಲೆಕ್ಕ ಹಾಕಿದೆ, ನಾನು ಗಣಿತದ ಟೀಚರು. ಪಂಕ್ತಿಯಲ್ಲಿ ಕೂತವರ ಎಲೆಗೆ ಅನ್ನ ಬಾರದೆ ವಿಶಾಲ ಸೆರಗು ಹಿಂಡುತ್ತಾ ನಿಲ್ಲುವುದನ್ನು ಕಣ್ಣಿಗೆ ತಂದುಕೊಂಡೆ. ಒಂದೇ ಒಂದು ಸಲ ಜನ ಅವಳ ವಿಷಯದಲ್ಲಿ "ಚೆನ್ನಾಗಿರ್ಲಿಲ್ಲ" ಎನ್ನಬೇಕಿತ್ತು. ಅಷ್ಟು ಸಾಕಿತ್ತು ನನಗೆ.

ತೇಜಸ್ವಿನಿಯ ನೆನಪು ಬಂದದ್ದು ವಾಪಸು ಬಸ್ಸಿನಲ್ಲಿ ಕೂತ ಮೇಲೆ. ಕಿಟಕಿಯಾಚೆ ಗದ್ದೆಗಳಲ್ಲಿ ಹೆಂಗಸರು ಬಗ್ಗಿ ನಾಟಿ ಹಾಕುತ್ತಿದ್ದರು. ಹಸೆಮಣೆ ಏರುವವಳು ತೇಜು. ನನ್ನ ಮಡಿಲಲ್ಲಿ ಆಡಿದ ಕೂಸು, ನನ್ನನ್ನು ದೊಡ್ಡಮ್ಮ ಎಂದು ಕರೆಯುವವಳು. ಗಂಡಿನ ಕಡೆಯವರ ಮುಂದೆ ಅನ್ನ ಸಾಲದೆ ಹೋದರೆ ಆ ಮಾತು ಅವಳನ್ನು ಅತ್ತೆಮನೆಯಲ್ಲಿ ಜೀವಮಾನವೆಲ್ಲ ಚುಚ್ಚುತ್ತದೆ. ಇದು ನನಗೆ ಬೀದಿಯಲ್ಲಿ ಹೊಳೆದಿರಲಿಲ್ಲ. ಮನೆ ಸೇರಿದ ಮೇಲೆ ಫೋನು ಕೈಗೆತ್ತಿಕೊಂಡೆ. ಏನೆಂದು ಹೇಳುವುದು? ನಿನ್ನ ಮದುವೆ ಕೆಡಿಸಲು ಹೀಗೆ ಮಾಡಿದೆ, ಅಕ್ಕಿ ಹೆಚ್ಚಿಗೆ ತರಿಸು ಎನ್ನುವುದೇ? ಮೂರು ದಿನವೂ ಎತ್ತಿಕೊಂಡೆ, ಮೂರು ದಿನವೂ ಇಟ್ಟೆ. ಅವಳೂ ಫೋನು ಮಾಡಲಿಲ್ಲ.

ಮದುವೆಯ ದಿನ ಮೊದಲ ಬಸ್ಸಿಗೇ ಹೊರಟೆ. ಯಜಮಾನರು ಮುಹೂರ್ತದ ಹೊತ್ತಿಗೆ ಬರುತ್ತೇನೆಂದರು. ಬ್ಯಾಗಿನಲ್ಲಿ ಒಂದು ಜೊತೆ ಬೆಳ್ಳಿ ದೀಪ, ಒಂದು ಕವರ್ ಇತ್ತು. ಅಕ್ಕಿ ಮೂಟೆಯೊಂದನ್ನು ನರಸೀಪುರದಲ್ಲಿ ಕೊಂಡು ಆಟೋಗೆ ಹಾಕಿಸಿಕೊಂಡು ಹೋದರೆ ಹೇಗೆ ಎಂದು ಯೋಚಿಸಿದೆ. ಇಳಿದು ನೋಡಿದರೆ ಅಷ್ಟು ಹೊತ್ತಿಗೆ ಅಂಗಡಿಗಳೇ ತೆರೆದಿರಲಿಲ್ಲ.

ಹೆಮ್ಮಿಗೆಯ ಬೀದಿಗೆ ಕಾಲಿಟ್ಟಾಗ ಒಂದು ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ, ಒಂದು ಕುಕ್ಕರೂ ಕೂಗುತ್ತಿರಲಿಲ್ಲ. ಬಾಗಿಲುಗಳಿಗೆ ಚಿಲಕ ಹಾಕಿತ್ತು, ಮನೆಗೊಬ್ಬರು ಎಂದಿದ್ದ ಮೊದಲ ಆರು ಮನೆಗೂ. ನನ್ನ ಮಾತನ್ನು ಅಕ್ಷರಶಃ ನಡೆಸಿದ್ದರು. ಹೊಗೆ ಇದ್ದದ್ದು ವಿಶಾಲಳ ಹಿತ್ತಿಲಲ್ಲಿ ಮಾತ್ರ. ಒಂದಲ್ಲ, ಸಾಲಾಗಿ ಏಳು ಕಡೆ.

ಹಿತ್ತಿಲಿಗೆ ಹೋಗಿ ನೋಡಿದರೆ ಮೂರು ಮೂರು ಕಲ್ಲಿಟ್ಟು ಹೂಡಿದ ಏಳು ಒಲೆ, ಒಂದೊಂದರ ಮೇಲೂ ಒಂದೊಂದು ಮನೆಯ ದೊಡ್ಡ ಪಾತ್ರೆ. ಐವತ್ತು ಅರವತ್ತು ಹೆಂಗಸರು. ಕೆಲವರು ತೆಂಗಿನಕಾಯಿ ತುರಿಯುತ್ತಿದ್ದರು, ಕೆಲವರು ಕುಂಬಳಕಾಯಿ ಹೆಚ್ಚುತ್ತಿದ್ದರು. ಗಂಡಸರು ಸೌದೆ ಸೀಳುತ್ತಿದ್ದರು. ಜಗಲಿಯ ಮೂಲೆಯಲ್ಲಿ ಅಕ್ಕಿಯ ಗಂಟುಗಳು, ಬೇಳೆಯ ಡಬ್ಬಿಗಳು, ಮೊಸರಿನ ಕ್ಯಾನುಗಳು ಎದೆಯುದ್ದ ಪೇರಿಸಿದ್ದವು. ಭಟ್ಟ ಮಾದೇಶ್ ಸೌಟು ಹಿಡಿದು ಕುರ್ಚಿಯ ಮೇಲೆ ಕೂತು ಉಸ್ತುವಾರಿ ಮಾಡುತ್ತಿದ್ದ.

ಚಾಮುಂಡಮ್ಮ ಮೊರದಲ್ಲಿ ಅಕ್ಕಿ ಕೇರುತ್ತಾ ನನ್ನನ್ನು ಕಂಡಳು. "ಬಾ ಟೀಚರಮ್ಮ. ನಿನ್ ತಂಗಿ ಮನೆಗೊಬ್ರು ಅಂತ ಕರೀತಾಳೆ ಅಂದ್ಕೊಂಡು ನಾವೆಲ್ಲ ಬೇಜಾರಾಗಿದ್ದೊ. ನಾಟಿ ಕಾಲ, ಜನಕ್ಕೆ ತೊಂದ್ರೆ ಅಂತ ಅವಳ ಸಂಕೋಚ. ನೀನು ಬಾಯ್ಬಿಟ್ಟು ಒಲೆ ಅಚ್ಬೇಡಿ ಅಂದ್ಮೇಲೆ ಯಾರು ಗದ್ದೆಗೋಯ್ತಾರೆ?"

ಆಗ ನೆನಪಾಯಿತು. ಒಲೆ ಹಚ್ಚಬೇಡಿ ಎಂದು ಕರೆ ಬಂದ ದಿನ ನಾನು ಶಾಲೆ ಬಿಟ್ಟು ಪಂಕ್ತಿಯಲ್ಲಿ ಕೂರುವ ಹೊತ್ತಿಗೆ ನಮ್ಮ ಅವ್ವ ಎಲ್ಲಿರುತ್ತಿದ್ದಳು? ಬೆಳಗಾಗುವ ಮುಂಚೆ ಮೂರು ಸೇರು ಅಕ್ಕಿ ಮಡಿಲಿಗೆ ಕಟ್ಟಿಕೊಂಡು ಹೋದವಳು ಮದುವೆ ಮನೆಯ ಹಿತ್ತಿಲಲ್ಲಿರುತ್ತಿದ್ದಳು. ಜೊತೆಗೆ ವಿಶಾಲಳೂ ಹೋಗುತ್ತಿದ್ದಳು. ಹಾಗೆ ಕರೆಸಿಕೊಂಡ ಮನೆಯವರು ನೆಂಟರಲ್ಲ, ಮದುವೆ ಮಾಡುವವರು. ನಾನು ಉಣ್ಣುವ ಭಾಗವನ್ನಷ್ಟೇ ಕಲಿತುಕೊಂಡು ಊರು ಬಿಟ್ಟಿದ್ದೆ.

ಅವತ್ತು ನಾನೂರು ಎಲೆ ಎದ್ದಿತು. ಅನ್ನ ಸಾಲದೆ ಹೋಗುವುದಿರಲಿ, ಗಂಡಿನ ಕಡೆಯವರು ಎರಡೆರಡು ಸಲ ಬೂದುಗುಂಬಳದ ಮಜ್ಜಿಗೆಹುಳಿ ಹಾಕಿಸಿಕೊಂಡರು. ಹುಡುಗನ ತಾಯಿ ಚಪ್ಪರದ ಕಂಬ ಹಿಡಿದು, ಇಡೀ ಊರೇ ನಿಂತು ಮಾಡಿದ ಮದುವೆ, ಇಂಥದ್ದು ನೋಡಿ ಎಷ್ಟು ವರ್ಷವಾಯಿತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಶಿವಸ್ವಾಮಿ ಕೈ ತೊಳೆಯದೆ ನನ್ನ ಹತ್ತಿರ ಬಂದು ಅದನ್ನೇ ಹೇಳಿದ. ಹೊಟ್ಟೆಕಿಚ್ಚು ತಣ್ಣಗಾಯಿತೆಂದು ನೀವು ತಿಳಿದಿದ್ದರೆ ತಪ್ಪು. ತೇಜುವಿನ ಮಾನ ಉಳಿಯಿತೆಂದು ಒಂದು ಕಣ್ಣಿನಲ್ಲಿ ನೀರು ಬಂತು ನಿಜ. ಇನ್ನೊಂದು ಕಣ್ಣು ಆ ಏಳು ಒಲೆಗಳನ್ನು ಎಣಿಸುತ್ತಲೇ ಇತ್ತು. ನಂಜನಗೂಡಿನ ನನ್ನ ಬೀದಿಯಲ್ಲಿ ನಾನು ಯಾರ ಮನೆಗೆ ಹೋಗಿ ಒಲೆ ಹಚ್ಚಬೇಡಿ ಎನ್ನಲಿ?

ಎಲ್ಲರದೂ ಊಟವಾದ ಮೇಲೆ ವಿಶಾಲ ನನಗೊಂದು ಎಲೆ ಹಾಕಿ, ಎದುರಿಗೆ ತಾನೂ ಕೂತಳು. ಕಣ್ಣು ಹೊಗೆಗೆ ಕೆಂಪಾಗಿತ್ತು, ಕೊರಳಲ್ಲಿ ಅದೇ ಹಳೆಯ ಎರಡೆಳೆ ಸರ.

"ಅವತ್ತೇ ಸಂಜೆ ಚಾಮುಂಡಜ್ಜಿ ಬಂದಿದ್ರು" ಎಂದಳು ಅನ್ನ ಕಲಸುತ್ತಾ. "ಯಾರ ಮನೆಯಿಂದ ಏನೇನು ತರ್ಬೇಕು ಅಂತ ಕೇಳಾಕೆ."

ಅಂದರೆ ಇವಳಿಗೆ ನಾಲ್ಕು ದಿನದಿಂದ ಗೊತ್ತು.

"ಮತ್ತೆ ನನ್ನ ಯಾಕೆ ಕೇಳಲಿಲ್ಲ?"

ವಿಶಾಲ ನನ್ನ ಮುಖ ನೋಡಲಿಲ್ಲ. ಬಕೆಟ್ಟಿನಿಂದ ಒಂದು ಸೌಟು ಸಾರು ನನ್ನ ಅನ್ನಕ್ಕೆ ಬಿಟ್ಟಳು.

"ಕೇಳಿದ್ರೆ ನೀನು ಏನಾರ ಯೋಳ್ಬೇಕಾಯ್ತಿತ್ತಲ್ಲಕ್ಕ" ಎಂದಳು. "ಉಣ್ಣು, ಆರೋಯ್ತದೆ."

ಇಂಥವಳು ನನ್ನ ತಂಗಿ. ಇವಳ ಮೇಲೆ ಹೊಟ್ಟೆಕಿಚ್ಚು ಪಡದೆ ಇನ್ನು ಯಾರ ಮೇಲೆ ಪಡಲಿ? ಉಂಡೆ. ಎದ್ದು ಬೆಳ್ಳಿ ದೀಪದ ಬ್ಯಾಗನ್ನು ಮೂಲೆಗಿಟ್ಟು, ರೇಷ್ಮೆ ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ ಹಿತ್ತಿಲಿಗೆ ಹೋದೆ. ಚಾಮುಂಡಮ್ಮ ಏನೂ ಕೇಳದೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಒಂದು ಹಿಡಿ ತೆಂಗಿನ ನಾರು, ಬೂದಿ ತೆಗೆದುಕೊಂಡು ಯಾರ ಮನೆಯದೋ ತಿಳಿಯದ ಆ ದೊಡ್ಡ ಅನ್ನದ ಪಾತ್ರೆ ತಿಕ್ಕಲು ಕೂತೆ.