ಶ್ರುತಿ ನಿಲ್ಲದ ಯುಕುಲೇಲಿ

ಅರುವತ್ತರ ದಶಕದಲ್ಲಿ ಬೆಳ್ತಂಗಡಿ ಪೇಟೆಯಲ್ಲಿ ಹಳೆ ಸಾಮಾನು ಮಾರುತ್ತಿದ್ದ ಇದಿನಬ್ಬ ಬ್ಯಾರಿಗಳು ಗೊಣಗದೆ ಒಂದು ಮೊಳೆಯನ್ನೂ ಮಾರಿದವರಲ್ಲ. ಕೊಡೆ ಕೇಳಿದರೆ ಮಳೆಗೆ ಬೈಯುವರು, ಲಾಟೀನು ಕೇಳಿದರೆ ಕತ್ತಲೆಗೆ. ಅವರ ಗೋಡೆಯಲ್ಲಿ ಬೊಂಬಾಯಿಯಿಂದ ಬಂದ, ಯುಕುಲೇಲಿ ಎಂಬ ಹಳೆಯ ಪುಟ್ಟ ಗಿಟಾರು ತೂಗುತ್ತಿತ್ತು. ಇಗರ್ಜಿಯಲ್ಲಿ ಹಾಡಿಸುತ್ತಿದ್ದ ಪಾಸ್ಕಲ್ ಮಾಸ್ತರರು ಪ್ರತಿ ಸಂತೆಗೆ ಬಂದು, ಅದರ ಶ್ರುತಿ ಕೂಡಿಸಿ, ನುಡಿಸಿ, ‘ಮುಂದಿನ ವಾರ ಕೊಂಡುಹೋಗ್ತೇನೆ’ ಎನ್ನುವರು. ‘ಕೂಡಿಸಿದ ಶ್ರುತಿ ಒಂದು ವಾರ ನಿಲ್ಲುವುದಿಲ್ಲ ಮಾರಾಯ್ರೆ, ಮತ್ತೆ ಅರ್ಧ ದಿನ ಇಲ್ಲೇ ಕೂತುಕೊಳ್ತಾರೆ!’ ಎಂದು ಬ್ಯಾರಿಗಳು ನನ್ನಲ್ಲಿ ದೂರುವರು. ಒಮ್ಮೆ ನಾನೇ ಕೊಳ್ಳಹೋದಾಗ, ‘ಒಡಕು ಉಂಟು, ನಿಮಗೆ ಬೇಡ’ ಎಂದರು. ಸಂತೆಯ ಮುನ್ನಾದಿನ ಸಂಜೆ ಅತ್ತ ಹೋದಾಗ ನೋಡಿದೆ: ಬ್ಯಾರಿಗಳು ಗೊಣಗುತ್ತಲೇ ಅದರ ತಂತಿಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದರು.