ಉಪ್ಪು ಬೇಡುವ ಮಗಳನ್ನು ಬಿಟ್ಟು ದಾವಣಗೆರೆಗೆ

ಕೂಡ್ಲಿಗಿಯಿಂದ ಬೆಳಗಿನ ಬಸ್ಸಿಗೆ ಒಬ್ಬಳೇ ಹೊರಟೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಪುಕ್ಕಟೆ ಟಿಕೆಟ್ ಕೊಟ್ಟ. ಗಂಡ ಬರಬೇಕಿತ್ತು. ಆದರೆ ಐದು ವರ್ಷದ ಮಗಳು ಗಂಗಿಗೆ ಹೊತ್ತುಹೊತ್ತಿಗೆ ಗುಳಿಗೆ ತಪ್ಪಬಾರದೆಂದು ಮನೆಯಲ್ಲೇ ಉಳಿದ. ಅವಳ ಮೂತ್ರಪಿಂಡದ ಮೇಲಿನ ಗ್ರಂಥಿಗೆ ಹುಟ್ಟಿನಿಂದಲೇ ರೋಗ, ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ. ಈಗ ನಾನು ಮತ್ತೆ ಮೂರು ತಿಂಗಳ ಬಸುರಿ. ಹೊಟ್ಟೆಯ ಕೂಸಿಗೂ ಅದೇ ಅಂಟಿದೆಯೇ ಎಂದು ಪರೀಕ್ಷೆ ಮಾಡಿಸಲು ಹೊರಟಿದ್ದೆ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಪಕ್ಕಕ್ಕೆ ಬಂದು ಕೂತ ಅಜ್ಜಿಯ ಮಡಿಲಲ್ಲಿ ಹಡಗಲಿ ಮಲ್ಲಿಗೆಯ ಪೊಟ್ಟಣವಿತ್ತು.

"ತವರಿಗೆ ಹೊಂಟೀಯೇನವ್ವ?"

"ಹೌದಬೇ" ಅಂದೆ. ಶುದ್ಧ ಸುಳ್ಳು. ನಾನು ಮದುವೆಯಾದದ್ದು ಅವ್ವನ ತಮ್ಮನನ್ನು. ಅತ್ತೆಯೆಂದರೆ ನಮ್ಮಜ್ಜಿಯೇ, ತವರೂ ಗಂಡನ ಮನೆಯೂ ಒಂದೇ! ಅತ್ತು ಹಗುರಾಗಲು ನನಗೆ ಬೇರೆ ಮನೆಯಿಲ್ಲ.

ನಾನು ಎರಡು ಸಲ ಕಿಟಕಿಯಾಚೆ ವಾಂತಿ ಮಾಡಿದ್ದನ್ನು ಅಜ್ಜಿ ನೋಡಿದ್ದಳು. ಹರಪನಹಳ್ಳಿಯಲ್ಲಿ ಇಳಿಯುವಾಗ ಒಂದು ಮೊಳ ಹೂವು ಕೈಗಿಟ್ಟಳು. "ಮುಡ್ಕೋ ತಾಯಿ. ಬಸುರಿ ಬರೇ ತಲೀಲಿ ತಿರುಗಬಾರದು." ಅವಳು ಇಳಿದ ಮೇಲೆ ದಾವಣಗೆರೆವರೆಗೂ ಅತ್ತೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮನನ್ನು ಕೇಳಿದೆ: "ಹೊಟ್ಟ್ಯಾಗ ಇದ್ದಾಗ್ಲೇ ಕೊಡೋ ಔಷಧಿ ಇಲ್ಲೇನ್ರಿ?"

"ಒಂದಿದೆ. ಎರಡನೇ ತಿಂಗಳೇ ಶುರು ಮಾಡ್ಬೇಕು. ಅದರಿಂದ ಕಾಯಿಲೆ ಹೋಗಲ್ಲ, ಹೆಣ್ಣುಮಗುವಿನ ಜನನಾಂಗ ಗಂಡಿನ ಹಾಗೆ ಬದಲಾಗದಂತೆ ತಡೀಬಹುದು ಅಷ್ಟೇ. ಮುಂದೆ ಮಗುವಿಗೆ ಏನಾಗುತ್ತೋ ಪೂರ್ತಿ ಗೊತ್ತಿಲ್ಲ. ನಾನು ಕೊಡಲ್ಲಮ್ಮ."

ಹೊಟ್ಟೆಗೆ ಸೂಜಿ ಚುಚ್ಚಿ, ಕೂಸಿನ ಮಾಸಿನಿಂದ ಚೂರು ತೆಗೆದರು. ಹಿಡಿದುಕೊಳ್ಳಲು ಮಂಚದ ಕಂಬಿ ಬಿಟ್ಟರೆ ಏನೂ ಇರಲಿಲ್ಲ. ಹೊರಡುವ ಮುಂಚೆ ಡಾಕ್ಟರಮ್ಮ ಮೆತ್ತಗೆ ಕೇಳಿದರು: "ಮೂರು ವಾರಕ್ಕೆ ವರದಿ ಬರುತ್ತೆ. ಕಾಯಿಲೆ ಇದೆ ಅಂತ ಬಂದ್ರೆ, ಮಗು ಇಟ್ಕೊಳ್ತೀರಾ?"

ನಾನು ಸೆರಗು ಸರಿಮಾಡಿಕೊಂಡು ಬಸ್ ನಿಲ್ದಾಣದ ದಾರಿ ಹಿಡಿದೆ.

ವಾಪಸು ಬರುವಾಗ ಹರಪನಹಳ್ಳಿ ನಿಲ್ದಾಣದಲ್ಲಿ ಉಪ್ಪು ಹಚ್ಚಿದ ಶೇಂಗಾ ಕೊಂಡೆ. ಹೊಟ್ಟೆ ಸಣ್ಣಗೆ ನೋಯುತ್ತಿತ್ತು. ಕೊಟ್ಟೂರು ದಾಟುವಷ್ಟರಲ್ಲಿ ಸಂಜೆಯಾಯಿತು.

ಕೂಡ್ಲಿಗಿಯಲ್ಲಿ ಗಂಗಿ ಅಪ್ಪನ ಹೆಗಲ ಮೇಲಿದ್ದಳು. ಪೊಟ್ಟಣ ಕಿತ್ತುಕೊಂಡು, ಶೇಂಗಾ ಬಿಟ್ಟು ಉಪ್ಪನ್ನೇ ನೆಕ್ಕಿದಳು. ಆಮೇಲೆ ಮುಖ ಊದಿಸಿದಳು.

"ಯವ್ವಾ, ದವಾಖಾನಿಗೆ ನನ್ನ ಬಿಟ್ಟು ಯಾಕ ಹೋಗಿದ್ದಿ? ಗುಳಿಗಿ ನುಂಗಾಕಿ ನಾನಲ್ಲೇನು?"

"ಮುಂದಿನ ಸಲ ನಿನ್ನ ಕರ್ಕೊಂಡ ಹೋಗ್ತೀನಿ" ಅಂದೆ.

ವರದಿಯ ದಿನ ಕರೆದುಕೊಂಡೇ ಹೋಗುತ್ತೇನೆ. ಮಗು ಇಟ್ಟುಕೊಳ್ಳುತ್ತೀರಾ ಎಂದು ಇವಳ ಮುಂದೆ ಕೇಳಲಿ, ನೋಡೋಣ.