ಮಗ್ಗದ ಎಡಗಡೆ

ಗದ್ವಾಲದ ಸೀರೆಯನ್ನು ಒಬ್ಬರೇ ಕೂತು ನೇಯಲಾಗುವುದಿಲ್ಲ. ಒಡಲು ಹತ್ತಿ, ಅಂಚು ರೇಷ್ಮೆ. ಎರಡೂ ಕಡೆಯ ಅಂಚಿಗೆ ಬೇರೆ ಬೇರೆ ಲಾಳಿ. ಪ್ರತಿ ಎಳೆಗೂ ಹತ್ತಿಗೆ ರೇಷ್ಮೆಯ ಕೊಂಡಿ ಹಾಕಬೇಕು. ಅದಕ್ಕೇ ಬಲಗಡೆ ಒಬ್ಬರು, ಎಡಗಡೆ ಒಬ್ಬರು. ನಮ್ಮ ಮಗ್ಗದ ಬಲಗಡೆ ಅವ್ವ ಇದ್ದಳು, ಎಡಗಡೆ ಅಪ್ಪ ಕೂರುತ್ತಿದ್ದ. ಅವನು ತೀರಿಕೊಂಡ ಮೇಲೆ ನಾನು ಕೂತು ನೋಡಿದೆ. ನನ್ನ ಬಾಯಿಗೆ ಇದ್ದ ಚುರುಕು ಕೈಗೆ ಇರಲಿಲ್ಲ. ಕೊನೆಗೆ ಅವ್ವ ಹತ್ತಿರದ ಹಳ್ಳಿ ಇಟಿಕ್ಯಾಲದ ಕುರುಬರ ಮನೆಯ ಒಬ್ಬ ಹುಡುಗಿಯನ್ನು ಕೆಲಸಕ್ಕೆ ಕರೆದಳು.

ಅವು ಪ್ರತ್ಯೇಕ ತೆಲಂಗಾಣದ ಹೋರಾಟದ ದಿನಗಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ರಾಜ್ಯ ಬೇಕೆಂದು ವಾದಿಸಿ ನಾರಾಯಣಪೇಟೆಯಲ್ಲಿ ಗೆದ್ದೆ. ಬೇಡವೆಂದು ವಾದಿಸಿ ಮಕ್ತಲಿನಲ್ಲಿ ಗೆದ್ದು, ಜನ ಹೊಡೆದಾರೆಂದು ಹಿಂಬಾಗಿಲಿನಿಂದ ಹೊರಗೆ ಬಂದೆ. ಬಂದ್ ಆದರೆ ಬಸ್ಸಿಲ್ಲ, ಹುಡುಗಿ ನಮ್ಮಲ್ಲೇ ಉಳಿಯುತ್ತಿದ್ದಳು. ಬಂದ್ ಯಾತಕ್ಕೆ ಕರೆದರು ಎಂಬುದಕ್ಕಿಂತ ಯಾವಾಗ ಮುಗಿಯುತ್ತದೆ ಎಂಬುದೇ ನನಗೆ ಮುಖ್ಯವಾಗತೊಡಗಿತು. ಮುಗಿಯದಿರಲಿ ಎಂದುಕೊಳ್ಳುತ್ತಿದ್ದೆ.

"ರಾಜ್ಯ ಬಂದರ ಏನ್ ಬದಲಾಗತೈತಿ ಹೇಳ್ರಿ," ಎಂದು ಅವಳು ಲಾಳಿ ನಿಲ್ಲಿಸದೆ ಕೇಳುತ್ತಿದ್ದಳು.

"ನೀರು ಬರ್ತಾವ, ನೌಕರಿ ಬರ್ತಾವ..."

"ಮೊಳಕಾಲ ನೋವು ಹೋಗತೈತೇನ್ರಿ?"

"ಅದು ಬ್ಯಾರೆ ಪ್ರಶ್ನಿ."

"ನನಗಿರೋದು ಅದೊಂದ ಪ್ರಶ್ನಿ."

ಅವ್ವ ಮುಸುಮುಸು ನಗುತ್ತಿದ್ದಳು. ಅಷ್ಟು ಸುಲಭವಾಗಿ ನಾನು ಬೇರೆಲ್ಲೂ ಸೋತವನಲ್ಲ.

ಮಗ್ಗಕ್ಕೆ ಉದ್ದುದ್ದ ಕಟ್ಟಿದ ನೂಲಿನ ಹಾಸು ಒಂದು ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಹಳೆಯ ತುದಿಗಳಿಗೆ, ಬೂದಿ ಹಚ್ಚಿಕೊಂಡ ಬೆರಳಿನಲ್ಲಿ ಒಂದೊಂದಾಗಿ ಹೊಸೆದು ಕೂಡಿಸಬೇಕು. ನಮ್ಮ ಓಣಿಯಲ್ಲಿ ಹೊರಗಿನವರಿಗೆ ಲಾಳಿ ಹಾಕುವುದನ್ನು ಕಲಿಸುತ್ತಾರೆ, ಹೊಸೆಯುವುದನ್ನು ಕಲಿಸುವುದಿಲ್ಲ. ಕಲಿತರೆ ಎದ್ದು ಹೋಗಿ ಸ್ವಂತ ಮಗ್ಗಕ್ಕೆ ಕೂರುತ್ತಾರೆಂಬ ಭಯ. ಅವ್ವ ಒಂದು ಮಧ್ಯಾಹ್ನ ಹುಡುಗಿಯ ಮುಂದೆ ಬೂದಿಯ ಬಟ್ಟಲು ಸರಿಸಿದಳು.

ಪಕ್ಕದ ಮನೆಯ ಕಾಕಾ ಓಡಿ ಬಂದ. "ತಲಿ ಐತೇನ್ರಿ ವೈನಿ ನಿಮಗ? ನಾಳಿ ಈಕಿ ಹಾರಿ ಹೋದರ ನಿಮ್ಮ ಮಗ್ಗ ಖಾಲಿ!"

ನಾನು ಕಾಕಾನ ಪರ ನಿಂತೆ. ವ್ಯಾಪಾರ, ಪೈಪೋಟಿ, ಮನೆಯ ಗತಿ ಎಂದು ಅಚ್ಚುಕಟ್ಟಾಗಿ ವಾದ ಕಟ್ಟಿದೆ. ಮಗ್ಗ ಖಾಲಿಯಾದೀತು ಎಂಬ ಚಿಂತೆ ನನಗೆ ಅಷ್ಟಾಗಿ ಇರಲಿಲ್ಲ. ಅವಳು ಹೋದಾಳು ಎಂಬ ಚಿಂತೆ ಇತ್ತು.

ಅವ್ವ ತಲೆ ಎತ್ತಲಿಲ್ಲ. "ದಿನಾ ಮೊಳಕಾಲಿಗೆ ಮೊಳಕಾಲ ಹಚ್ಚಿ ಕುಂದರತೀನಿ. ಆಕಿ ನೋಡಿದಾಗೊಮ್ಮೆ ನನ್ನ ಕೈ ಮುಚ್ಚಿಕೊಳ್ಳಲೇನ? ನನಗ ಆಗಂಗಿಲ್ಲ ಬಿಡಪಾ."

"ಇದು ವಾದ ಅಲ್ಲ ಅವ್ವಾ."

"ಹೌದು, ಅಲ್ಲ."

ರಾಜ್ಯ ಬಂದ ವರ್ಷವೇ ನಾರಾಯಣಪೇಟೆಯಲ್ಲಿ ಒಬ್ಬರು ಗದ್ವಾಲದ ನೇಯ್ಗೆಯ ಮಗ್ಗಗಳನ್ನು ಹೊಸದಾಗಿ ಹಾಕಿ ಅವಳನ್ನು ಕರೆದರು. ಮಗ್ಗ ಅವಳ ವಶಕ್ಕೆ, ಮುಖ್ಯ ನೇಕಾರರು ಕೂರುವ ಬಲಗಡೆಯ ಜಾಗವೂ ಅವಳದೇ. ಕಾಕಾ ಹೇಳಿದ್ದು ನಿಜವಾಯಿತು. ಹೇಳಲು ಬಂದವಳು ಬಾಗಿಲಲ್ಲೇ ನಿಂತಿದ್ದಳು. ಅವ್ವ ಮಗ್ಗದಿಂದ ಎದ್ದು ಬಂದು, "ಬೆನ್ನಿಗೆ ಗೋಡಿ ಇರೋ ಕಡಿ ಮಗ್ಗ ಕೇಳು ಅವ್ವಿ, ಇಲ್ಲಾಂದರ ಸೊಂಟ ಹೋಗತೈತಿ," ಎಂದಳು. ಹುಡುಗಿ ಬಗ್ಗಿ ಅವಳ ಕಾಲು ಮುಟ್ಟಿ, "ಬರ್ತೀನಿ ಅತ್ತಿ," ಎಂದಳು.

ಬಸ್‌ಸ್ಟ್ಯಾಂಡಿನವರೆಗೆ ನಾನು ಹೋದೆ. ದಾರಿಯುದ್ದಕ್ಕೂ ವಾದ: ನಾರಾಯಣಪೇಟೆಯಲ್ಲಿ ಗದ್ವಾಲದ ಸೀರೆಯನ್ನು ಕೇಳುವವರಿಲ್ಲ, ಗುರುತಿನವರಿಲ್ಲ, ಹೊಸ ಮಾಲೀಕರನ್ನು ನಂಬುವುದು ಹೇಗೆ. ಬಸ್ಸು ಬಂದು ನಿಂತಿತು.

"ಮುಗೀತೇನ್ರಿ?" ಎಂದಳು.

ಮುಗಿದಿತ್ತು. "ನೀ ಹೋದರ ನನಗ ಆ ಮನಿಯಾಗ ಇರಾಕ ಆಗಂಗಿಲ್ಲ," ಎಂದೆ. ಉಸಿರು ತೆಗೆದುಕೊಂಡು, "ಆದರೂ ಹೋಗು," ಎಂದೆ.

ಅವಳು ನನ್ನನ್ನೇ ನೋಡಿದಳು. "ಇದಕ್ಕ ಎದುರು ವಾದ ಇಲ್ಲೇನ್ರಿ ನಿಮ್ಮ ಹತ್ರ?"

"ಇಲ್ಲ."

"ಹೇಳಿದ್ದು ಚೊಲೋ ಆತು." ನಕ್ಕಳೋ ಅತ್ತಳೋ, ಸೆರಗು ಅಡ್ಡ ಬಂದಿತ್ತು. "ನಾ ಮಾತ್ರ ಹೋಗತೀನ್ರಿ." ಹೋದಳು. ಮುಂದಿನ ವರ್ಷ ಅಲ್ಲಿಯೇ ಮದುವೆಯಾದಳೆಂದು ಕೇಳಿದೆವು. ಅವ್ವನ ಪಕ್ಕದಲ್ಲಿ ಈಗ ಇನ್ನೊಬ್ಬಳಿದ್ದಾಳೆ. ಅವಳಿಗೂ ಹೊಸೆಯುವುದು ಬರುತ್ತದೆ.

ಕೆಲಸದ ಮೇಲೆ ಮಕ್ತಲಿನಿಂದ ರಾಯಚೂರಿಗೆ ಆಗಾಗ ಬಸ್ಸಿನಲ್ಲಿ ಹೋಗುತ್ತೇನೆ. ನಾರಾಯಣಪೇಟೆಯ ಕಡೆಯಿಂದ ಬಂದ ಹೆಂಗಸರು ಹತ್ತಿದರೆ ಕಣ್ಣು ಸೀರೆಯಂಚಿನ ಕೊಂಡಿಗೆ ಹೋಗುತ್ತದೆ. ಅಂಚು ನೋಡಿ ನೇಯ್ದವರು ಯಾರೆಂದು ಹೇಳಲಾಗದು, ಪುರಾವೆಯಿಲ್ಲ, ಅದು ನನಗೂ ಗೊತ್ತು. ಮೊನ್ನೆ ಒಬ್ಬ ಮುದುಕಿ ಗದರಿದಳು: "ಏನ್ ನೋಡಾಕಹತ್ತೀಯೋ ತಮ್ಮಾ?"

"ಅಂಚು ನೋಡಾಕಹತ್ತೀನಿ ಅಮ್ಮಾ."

ಅವಳು ನಂಬಲಿಲ್ಲ. ಸೆರಗನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತಳು.